ಬಾಯಿ ಮುಚ್ಚಿ ಕೂರುವ ನಿಯಮ

ಬರ್ನಿ ಎಂಬ ಊರಿನ ಕಾಗದದ ಗಿರಣಿಯಲ್ಲಿ ಗ್ಲೆನಿಸ್ ಹಾಲ್ಟನ್ ಹತ್ತೊಂಬತ್ತು ವರ್ಷ ಹಾಳೆ ಆರಿಸುವ ಕೆಲಸ ಮಾಡಿದವಳು. ಹದಿನಾರನೇ ವಯಸ್ಸಿಗೆ ಸೇರಿದ್ದಳು. ಉದ್ದನೆಯ ಮೇಜಿನ ಮುಂದೆ ನಿಂತು ಒಂದೊಂದೇ ಹಾಳೆಯನ್ನು ಮಗುಚುತ್ತ, ಚುಕ್ಕೆ ಬಿದ್ದದ್ದು, ಮಡಿಕೆ ಬಿದ್ದದ್ದು, ಅಂಚು ಹರಿದದ್ದು ಕಂಡರೆ ಎಳೆದು ಬುಟ್ಟಿಗೆ ಎಸೆಯಬೇಕು. ಅಷ್ಟೇ ಕೆಲಸ. ಆದರೆ ಅದರಲ್ಲಿ ಅವಳದು ಎತ್ತಿದ ಕೈ. ಅವಳ ಕಣ್ಣು ತಪ್ಪಿಸಿ ಒಂದು ಕೆಟ್ಟ ಹಾಳೆ ಆಚೆ ಹೋಯಿತೆಂದು ಯಾರೂ ದೂರಿದ್ದಿಲ್ಲ. ಆಮೇಲೆ ಆ ಕೆಲಸಕ್ಕೆ ಯಂತ್ರ ಬಂತು, ಇನ್ನೂ ಆಮೇಲೆ ಗಿರಣಿಯೇ ಮುಚ್ಚಿತು. ಕಣ್ಣಿಗೆ ಅಂಟಿದ ಚಾಳಿ ಮಾತ್ರ ಎಲ್ಲಿಗೂ ಹೋಗಲಿಲ್ಲ.

ಆ ಚಾಳಿಯನ್ನು ಅವಳು ಹೊತ್ತುಕೊಂಡು ಬಂದದ್ದು ಲೈಬ್ರರಿಯ ಹಿಂದಿನ ಕೋಣೆಗೆ. ಅಲ್ಲಿ ಪ್ರತಿ ಗುರುವಾರ ಮಧ್ಯಾಹ್ನ ಊರಿನ ಏಳೆಂಟು ಜನ ತಾವು ಬರೆದ ಕಥೆ, ಕವಿತೆ ಹಿಡಿದುಕೊಂಡು ಸೇರುತ್ತಿದ್ದರು. ಕೂಟ ನಡೆಸುತ್ತಿದ್ದವಳು ರೊಸ್ಲಿನ್, ಲೈಬ್ರರಿಯವಳು. ಅವಳು ಎರಡು ನಿಯಮ ಹಾಕಿದ್ದಳು. ತಪ್ಪು ಹೇಳುವ ಮೊದಲು ಎರಡು ಒಳ್ಳೆಯ ಮಾತು ಹೇಳಬೇಕು. ಇನ್ನೊಂದು, ಎಲ್ಲರೂ ಹೇಳಿ ಮುಗಿಸುವ ತನಕ ಬರೆದವರು ತುಟಿ ಪಿಟಕ್ಕೆನ್ನಬಾರದು. ಬೇಕಾದರೆ ಬರೆದುಕೊಳ್ಳಬಹುದು, ಕೊನೆಯಲ್ಲಿ ಥ್ಯಾಂಕ್ಸ್ ಎನ್ನಬಹುದು.

"ಓದೋರ ಮನೆಗೆಲ್ಲ ಹೋಗಿ ಪಕ್ಕದಲ್ಲಿ ಕೂತು, ನಾನು ಬರೆದಿದ್ದರ ಅರ್ಥ ಹಿಂಗೆ ಅಂತ ಹೇಳೋಕಾಗುತ್ತಾ?" ಎಂದು ರೊಸ್ಲಿನ್ ಹೊಸಬರನ್ನು ಕೇಳುತ್ತಿದ್ದಳು. "ಅದಕ್ಕೇ ಇಲ್ಲೂ ಬಾಯಿ ಮುಚ್ಕೊಂಡು ಕೇಳಿ."

ಎರಡನೆಯ ನಿಯಮ ಗ್ಲೆನಿಸ್‌ಗೆ ಬಹಳ ಹಿಡಿಸಿತು. ಮೊದಲನೆಯದು ಶುದ್ಧ ಕಾಲಹರಣ ಎನಿಸಿತು. "ಅಕ್ಷರ ದಪ್ಪಕ್ಕಿದೆ. ಕಾಗದ ಒಳ್ಳೇದು. ಎರಡಾಯ್ತಲ್ಲ? ಈಗ ವಿಷಯಕ್ಕೆ ಬರೋಣ" ಎನ್ನುತ್ತ ಕೆಂಪು ಪೆನ್ಸಿಲ್ ತೆಗೆಯುತ್ತಿದ್ದಳು. ಎಲ್ಲರೂ ನಗುತ್ತಿದ್ದರು, ಬರೆದವರೊಬ್ಬರನ್ನು ಬಿಟ್ಟು. ಹನ್ನೊಂದು ವರ್ಷದಲ್ಲಿ ಅವಳ ಪೆನ್ಸಿಲ್ ತಾಗದವರು ಆ ಕೋಣೆಯಲ್ಲಿ ಉಳಿದಿರಲಿಲ್ಲ. ಅಷ್ಟೂ ವರ್ಷ ಅವಳು ಮಾತ್ರ ತನ್ನದೊಂದು ಸಾಲನ್ನೂ ತಂದವಳಲ್ಲ. ಸರದಿ ಬಂದಾಗಲೆಲ್ಲ "ಮುಂದಿನ ತಿಂಗಳು" ಎಂದು ಜಾರಿಕೊಳ್ಳುತ್ತಿದ್ದಳು. ಅದನ್ನು ಎತ್ತಿ ಆಡುವ ಧೈರ್ಯ ಯಾರಿಗೂ ಇರಲಿಲ್ಲ.

ಎರಡು ವರ್ಷದ ಹಿಂದಿನ ಚಳಿಗಾಲದಲ್ಲಿ ಮರ್ವ್ ಡಾಬ್ಸನ್ ಒಂದು ಕಥೆ ತಂದಿದ್ದ. ಶಾಲಾ ಬಸ್ ಓಡಿಸಿ ನಿವೃತ್ತನಾದವನು. ಕಥೆಯಲ್ಲೊಬ್ಬ ಬಸ್ಸಿನ ಡ್ರೈವರು, ಅವನ ಹೆಂಡತಿ. ಅವಳು ದಿನಾ ಬೆಳಿಗ್ಗೆ ಥರ್ಮಾಸಿಗೆ ಚಹಾ ತುಂಬಿಸಿಕೊಡುತ್ತಾಳೆ, ಕಾಯಿಲೆ ಬಿದ್ದ ಮೇಲೂ ನಗುತ್ತಾಳೆ, ನಗುತ್ತಲೇ ಸಾಯುತ್ತಾಳೆ. ಮರ್ವ್‌ನ ಹೆಂಡತಿ ನ್ಯಾನ್ಸಿ ಹೋಗಿ ಆಗ ಐದೇ ವಾರ. ಗ್ಲೆನಿಸ್‌ಗೆ ಅದು ಗೊತ್ತಿರಲಿಲ್ಲವೇ? ಅಂತ್ಯಕ್ರಿಯೆಯ ದಿನ ಸ್ಯಾಂಡ್‌ವಿಚ್ ಮಾಡಿಕೊಂಡು ಹೋದವಳೇ ಅವಳು. ಆದರೂ ಕಥೆಯೇ ಬೇರೆ, ಬದುಕೇ ಬೇರೆ ಎಂಬುದು ಅವಳ ನಂಬಿಕೆ.

"ಈ ಹೆಂಗಸನ್ನ ನಾನು ನಂಬಲ್ಲ" ಎಂದಳು. "ನಲವತ್ತು ವರ್ಷದ ಸಂಸಾರದಲ್ಲಿ ಒಂದ್ಸಲನಾದ್ರೂ ಬಾಗಿಲನ್ನ ಧಡಾರಂತ ಹಾಕೋದು ಬೇಡ್ವಾ? ಇವಳು ಹೆಂಡ್ತಿ ಅಲ್ಲ ಮರ್ವ್, ಕ್ಯಾಲೆಂಡರಿನ ಚಿತ್ರ."

ಮರ್ವ್ ನಿಯಮ ಮುರಿಯಲಿಲ್ಲ. ತಲೆ ಬಗ್ಗಿಸಿ ಕೂತಿದ್ದ. ಕೊನೆಗೆ ಥ್ಯಾಂಕ್ಸ್ ಎಂದು, ಟೋಪಿ ತೆಗೆದುಕೊಂಡು ಎದ್ದುಹೋದವನು ಮತ್ತೆ ಬರಲಿಲ್ಲ. ನಿಜ ಹೇಳಿದೆನೆಂಬ ಹೆಮ್ಮೆ ಗ್ಲೆನಿಸ್‌ಗೆ ಒಂದು ವಾರ ಇತ್ತು. ಮುಂದಿನ ಗುರುವಾರ ಅವನ ಖಾಲಿ ಕುರ್ಚಿ ಕಂಡಾಗ ಅದು ಇಳಿಯಿತು. ಹೋಗಿ ಒಂದು ಮಾತು ಹೇಳಿ ಬರಬಹುದಿತ್ತು. ಹೋಗಲಿಲ್ಲ.

ಅವಳೇಕೆ ಬರೆಯುತ್ತಿರಲಿಲ್ಲ ಎಂಬುದಕ್ಕೆ ಉತ್ತರ ಸಮುದ್ರದಾಚೆ, ಜೀಲಾಂಗ್ ಎಂಬ ಊರಿನಲ್ಲಿತ್ತು. ಅಲ್ಲಿ ಅವಳ ಒಬ್ಬಳೇ ಮಗಳು ಕೆರಿನ್ ಇದ್ದಳು. ಜಗಳವೇನೂ ಆಗಿರಲಿಲ್ಲ. ನಡುಬೇಸಿಗೆಯಲ್ಲಿ ಬರುವ ಪ್ರತಿ ಕ್ರಿಸ್ಮಸ್ಸಿಗೂ ಅವಳಿಂದ ಕಾರ್ಡು ಬರುತ್ತಿತ್ತು: "ಎಲ್ಲರೂ ಚೆನ್ನಾಗಿದ್ದೇವೆ. ಇಲ್ಲಿ ಸೆಖೆ ಜಾಸ್ತಿ." ಎರಡೇ ಸಾಲು. ತಿದ್ದಲು ಏನೂ ಸಿಗದಂತೆ ನೋಡಿ ನೋಡಿ ಬರೆದ ಎರಡು ಸಾಲು. ಈ ಸಲದ ಕಾರ್ಡು ಓದಿದಾಗ ಗ್ಲೆನಿಸ್‌ಗೆ ಅದು ಎದೆಗೆ ನಾಟಿತು. ಮಗಳು ಈಗಲೂ ತನ್ನ ಪೆನ್ಸಿಲ್ಲಿಗೆ ಹೆದರಿಯೇ ಬರೆಯುತ್ತಿದ್ದಾಳೆ. ವಯಸ್ಸು ಎಪ್ಪತ್ತೊಂದು ದಾಟಿತ್ತು. ಹೀಗೇ ಬಿಟ್ಟರೆ ಆ ಎರಡು ಸಾಲಿನಲ್ಲೇ ತನ್ನ ಕಥೆ ಮುಗಿಯುತ್ತದೆ ಎಂದು ಹೆದರಿದಳು. ಫೋನಿನಲ್ಲಿ ಹೇಳುವುದಕ್ಕೆ ಬಾಯಿ ಬರಲಿಲ್ಲ. ಬರೆದು ಕಳಿಸೋಣವೆಂದು ಕೂತಳು.

ಬರೆದದ್ದು ಆರು ಹಾಳೆ. ಹದಿನಾಲ್ಕು ವರ್ಷದ ಹುಡುಗಿಯೊಬ್ಬಳು ನೀಲಿ ನೋಟ್‌ಬುಕ್ಕಿನ ತುಂಬ ಒಂದು ಕಥೆ ಬರೆದು, ಓದಲೆಂದು ಅಮ್ಮನಿಗೆ ಕೊಡುತ್ತಾಳೆ. ಅಮ್ಮ ಗಿರಣಿಯಿಂದ ಬಂದು, ಪೆನ್ಸಿಲ್ ಕೆತ್ತಿಕೊಂಡು ಕೂತು ಅರವತ್ಮೂರು ತಪ್ಪು ಹುಡುಕಿ, ಗುರುತು ಹಾಕಿ ಮೇಜಿನ ಮೇಲಿಡುತ್ತಾಳೆ. ಪ್ರೀತಿ ತೋರಿಸಲು ಅವಳಿಗೆ ಬೇರೆ ದಾರಿ ಗೊತ್ತಿಲ್ಲ. ಕೆಟ್ಟ ಹಾಳೆ ತೆಗೆದರಲ್ಲವೇ ಒಳ್ಳೆಯ ಕಟ್ಟು ಉಳಿಯುವುದು! ಎರಡು ದಿನ ಕಳೆದು ಬೆಳಿಗ್ಗೆ ಸೌದೆ ಒಲೆಯ ಬೂದಿ ತೆಗೆಯುವಾಗ ನೋಟ್‌ಬುಕ್ಕಿನ ಸುರುಳಿ ತಂತಿ ಕೈಗೆ ಸಿಗುತ್ತದೆ. ಅಮ್ಮ ಮಗಳ ಕೋಣೆಗೆ ಓಡುತ್ತಾಳೆ, ಅಳುತ್ತಾಳೆ, ಕ್ಷಮೆ ಕೇಳುತ್ತಾಳೆ, ಇಬ್ಬರೂ ತಬ್ಬಿಕೊಳ್ಳುತ್ತಾರೆ.

ಕಳಿಸುವ ಮೊದಲು ಅದರಲ್ಲಿ ಒಂದು ಚುಕ್ಕೆಯೂ ಉಳಿಯಬಾರದೆಂದು ಅವಳು ಆ ಆರು ಹಾಳೆಯನ್ನು ಗುರುವಾರದ ಕೂಟದ ಮುಂದಿಟ್ಟಳು. ರೊಸ್ಲಿನ್ ಕಣ್ಣೊರೆಸಿಕೊಂಡಳು. ಒಬ್ಬರು ಅದ್ಭುತ ಎಂದರು, ಇನ್ನೊಬ್ಬರು ಪುಸ್ತಕ ಮಾಡಿಸು ಎಂದರು. ಗ್ಲೆನಿಸ್ ಪೆನ್ಸಿಲ್ ಹಿಡಿದು ಕಾದೇ ಕಾದಳು. ಬರೆದುಕೊಳ್ಳಲು ಒಂದು ಮಾತೂ ಸಿಗಲಿಲ್ಲ. ಮನೆಗೆ ಬಂದು ಅವರು ವಾಪಸು ಕೊಟ್ಟ ಪ್ರತಿಗಳನ್ನು ಮಗುಚಿ ನೋಡಿದಳು. ಒಂದರಲ್ಲೂ ಒಂದು ಗೀಟಿಲ್ಲ. ಗಿರಣಿಯಲ್ಲಿ ಇಡೀ ಕಟ್ಟು ಒಂದೂ ಕೆಟ್ಟ ಹಾಳೆಯಿಲ್ಲದೆ ದಾಟಿತೆಂದರೆ ಆರಿಸುವವಳು ನಿದ್ದೆ ಹೋಗಿದ್ದಾಳೆಂದೇ ಲೆಕ್ಕ. ಇವರು ನಿದ್ದೆ ಹೋದವರಲ್ಲ, ಹೆದರಿದವರು. ಹನ್ನೊಂದು ವರ್ಷ ಎಲ್ಲರಿಗೂ ನಿಜ ಹೇಳಿದ್ದಕ್ಕೆ ಅವಳಿಗೆ ಸಿಕ್ಕ ಬಹುಮಾನ ಇದು. ಅವಳಿಗೆ ನಾಚಿಕೆಯಾಯಿತು.

ಮಾರನೆಯ ದಿನ ಬೆಳಿಗ್ಗೆ ಆರು ಹಾಳೆ ಹಿಡಿದು ಮರ್ವ್‌ನ ಮನೆಗೆ ಹೋದಳು. ಅವನು ಹಿತ್ತಲಲ್ಲಿ ಆಲೂಗಡ್ಡೆ ಅಗೆಯುತ್ತಿದ್ದ. ಇವಳನ್ನು ಕಂಡು ಗುದ್ದಲಿಯ ಮೇಲೆ ಕೈಯೂರಿ ನಿಂತ.

"ದಾರಿ ತಪ್ಪಿ ಬಂದ್ಯಾ, ಗ್ಲೆನ್?"

"ಒಂದು ಕಥೆ ಬರ್ದಿದ್ದೀನಿ. ಓದ್ತೀಯಾ?"

"ಓದೋರು ಆ ಕೋಣೆ ತುಂಬ ಇದಾರಲ್ಲ?"

"ಅವರೆಲ್ಲ ಬೆಣ್ಣೆ ಹಚ್ತಾರೆ. ನೀನು ಹಚ್ಚಲ್ಲ. ನಿಂಗೆ ನನ್ನ ಮೇಲೆ ಸಿಟ್ಟಿದೆ."

ಅವನು ನಲ್ಲಿಯಲ್ಲಿ ಕೈ ತೊಳೆದು ಒಳಗೆ ಹೋದ. ಇವಳೂ ಹಿಂದೆಯೇ ಹೋದಳು. ಅಡುಗೆಮನೆಯ ಮೇಜಿನ ಮುಂದೆ ಕೂತು ಸಾಲಿನ ಕೆಳಗೆ ಬೆರಳಿಟ್ಟು ನಿಧಾನವಾಗಿ ಆರೂ ಹಾಳೆ ಓದಿದ. ಚಹಾ ಕೊಡಲಿಲ್ಲ.

"ನಿಯಮ ಇನ್ನೂ ಇದೆ ತಾನೆ?"

"ಇದೆ."

"ಹಂಗಾದ್ರೆ ಬಾಯಿ ಮುಚ್ಕೊಂಡು ಕೂರು. ಬೂದಿಯೊಳಗೆ ತಂತಿ ಸಿಗೋದು ಚೆನ್ನಾಗಿದೆ. ಪೆನ್ಸಿಲ್ ಕೆತ್ತೋದೂ ಚೆನ್ನಾಗಿದೆ. ಎರಡಾಯ್ತಲ್ಲ?" ಕೊನೆಯ ಹಾಳೆಯನ್ನು ಬೇರೆ ತೆಗೆದಿಟ್ಟ. "ಇದರಲ್ಲಿ ಬರೋ ತಾಯೀನ ನಾನು ನಂಬಲ್ಲ."

ಅದೇ ಮಾತು. ಗ್ಲೆನಿಸ್‌ಗೆ ಕೆನ್ನೆಗೆ ಬಾರಿಸಿದಂತಾಯಿತು.

"ಇವಳು ಓಡ್ತಾಳಂತೆ, ಅಳ್ತಾಳಂತೆ, ತಪ್ಪಾಯ್ತು ಅಂತಾಳಂತೆ! ನೀನು ಯಾರ ಹತ್ರನಾದ್ರೂ ತಪ್ಪಾಯ್ತು ಅಂದಿದ್ದನ್ನ ಈ ಊರಲ್ಲಿ ಒಬ್ಬರು ನೋಡಿದಾರಾ? ನಾನಂತೂ ಎರಡು ವರ್ಷ ಕಾದೆ. ಮೊದಲ ಐದು ಹಾಳೆ ನೀನು ಕಂಡಿದ್ದು. ಆರನೇದು ನಿಂಗೆ ಬೇಕಾಗಿದ್ದು. ಆ ಬೂದೀನ ನಿಜವಾಗ್ಲೂ ಏನ್ ಮಾಡ್ದೆ? ಈಗ ಹೇಳ್ಬೇಡ, ಬರಿ."

ಮರ್ವ್ ಕಿಟಕಿಯ ಕಡೆ ಮುಖ ತಿರುಗಿಸಿದ.

"ನ್ಯಾನ್ಸಿ ಬಾಗಿಲು ಹಾಕಿದ್ರೆ ಬೀದಿಗೆಲ್ಲ ಕೇಳೋದು. ಆಸ್ಪತ್ರೆಗೆ ಹೋಗೋ ಹಿಂದಿನ ದಿನ ನನ್ನ ಮೇಲೆ ಥರ್ಮಾಸ್ ಎಸ್ದಿದ್ಲು. ನೀನಂದಿದ್ದು ನಿಜಾನೇ, ಗ್ಲೆನ್. ಆದ್ರೆ ಐದು ವಾರಕ್ಕೆ ನಂಗೆ ಆ ನಿಜ ಬೇಕಾಗಿರ್ಲಿಲ್ಲ. ನಗೋ ನ್ಯಾನ್ಸಿ ಇನ್ನೊಂದಿಷ್ಟು ದಿನ ಬೇಕಾಗಿದ್ಲು." ಇವಳ ಕಡೆ ತಿರುಗಿ, "ನಂದು ಮುಗೀತು. ಈಗ ಮಾತಾಡು" ಎಂದ.

"ಅವತ್ತು ನಾನು ಅಂದಿದ್ದು ಯಾಕೆ ಅಂದ್ರೆ—"

"ಯಾಕೆ ಅಂತ ಕೇಳ್ಲಿಲ್ಲ ನಾನು."

ಗ್ಲೆನಿಸ್ ಮೇಜಿನ ಮೇಲಿನ ಹಾಳೆಗಳನ್ನು ಜೋಡಿಸಿದಳು, ಬಿಡಿಸಿದಳು, ಮತ್ತೆ ಜೋಡಿಸಿದಳು. "ತಪ್ಪಾಯ್ತು, ಮರ್ವ್." ಅಭ್ಯಾಸವಿಲ್ಲದ ಮಾತು, ಒಣಗಿಕೊಂಡು ಬಂತು.

"ಕೇಳಿಸ್ಕೊಂಡೆ" ಎಂದ ಅವನು. ಕ್ಷಮಿಸಿದೆ ಎನ್ನಲಿಲ್ಲ. ಗುದ್ದಲಿ ಎತ್ತಿಕೊಂಡು ಹಿತ್ತಲಿಗೆ ಹೋದ.

ಮನೆಗೆ ಬಂದು ಅವಳು ಆರನೆಯ ಹಾಳೆ ಹರಿದಳು. ಅದರ ಜಾಗದಲ್ಲಿ ನಡೆದದ್ದನ್ನೇ ಬರೆದಳು: ಅಮ್ಮ ತಂತಿಯನ್ನು ಕಸದ ಡಬ್ಬಿಗೆ ಹಾಕಿದಳು, ಬೂದಿಯನ್ನು ರೂಬಾರ್ಬ್ ಗಿಡದ ಬುಡಕ್ಕೆ ಸುರಿದಳು, ಕೆಲಸಕ್ಕೆ ಹೋದಳು. ನಾಲ್ಕೇ ಸಾಲಾಯಿತು. ಜೊತೆಗೆ ಒಂದು ಚೀಟಿಯನ್ನೂ ಇಡದೆ ಲಕೋಟೆ ಅಂಟಿಸಿ ಜೀಲಾಂಗ್‌ಗೆ ಕಳಿಸಿದಳು.

ಮೂರು ವಾರ ಸುದ್ದಿಯಿಲ್ಲ. ಗ್ಲೆನಿಸ್ ದಿನಕ್ಕೆ ಎರಡು ಸಲ ಅಂಚೆ ಡಬ್ಬಿ ನೋಡುತ್ತಿದ್ದಳು. ಇದ್ದ ಎರಡು ಸಾಲನ್ನೂ ಕೈಯಾರೆ ಕಳೆದುಕೊಂಡೆ ಎಂದು ಸಂಕಟಪಟ್ಟಳು. ನಾಲ್ಕನೆಯ ಭಾನುವಾರ ಮಧ್ಯಾಹ್ನ ಫೋನು ಬಂತು.

"ಅಮ್ಮ, ನಿನ್ನ ಕಥೆ ಬಂತು." ಕೆರಿನ್‌ಳ ದನಿ ಗಟ್ಟಿಯಾಗಿತ್ತು, ಕನ್ನಡಿ ಮುಂದೆ ಅಭ್ಯಾಸ ಮಾಡಿ ಬಂದಂತೆ. "ಓದಿದ್ದಕ್ಕೆ ನಾನೇನಾದ್ರೂ ಹೇಳ್ಬಹುದಾ?"

"ಹೇಳು. ನೀನು ಮುಗಿಸೋ ತನಕ ನಾನು ಬಾಯಿ ತೆಗೆಯಲ್ಲ. ನಮ್ಮ ಕೂಟದ ನಿಯಮ ಅದು."

"ನೋಡೋಣ. ಮೊದಲ್ನೇದು, ನೋಟ್‌ಬುಕ್ ನೀಲಿ ಅಲ್ಲ. ಹಸಿರು."

ನೀಲಿಯೇ. ಗ್ಲೆನಿಸ್ ತಾನೇ ಅಂಗಡಿಯಲ್ಲಿ ಆರಿಸಿ ತಂದದ್ದು. ಮಾತು ನಾಲಿಗೆಯ ತುದಿಗೆ ಬಂದಿತ್ತು. ಅತ್ತ ಕಡೆ ಕೆರಿನ್ ಸುಮ್ಮನೆ ಕಾಯುತ್ತಿದ್ದಳು, ಅಮ್ಮ ತಿದ್ದಲೆಂದೇ ಕಾಯುವವಳಂತೆ. ಗ್ಲೆನಿಸ್ ಪೆನ್ಸಿಲ್ ತೆಗೆದುಕೊಂಡು ಹಾಳೆಯ ಮೇಲೆ "ಹಸಿರು" ಎಂದು ಬರೆದಳು.

"ಎರಡ್ನೇದು." ದನಿ ಈಗ ಅಷ್ಟು ಗಟ್ಟಿಯಿರಲಿಲ್ಲ. "ನೀನು ಬೆಳಿಗ್ಗೆ ಬೂದೀಲಿ ನೋಡ್ದೆ ಅಂತ ಬರ್ದಿದ್ದೀಯ. ಇಲ್ಲ ಅಮ್ಮ. ಅದನ್ನ ಒಲೆಗೆ ಹಾಕೋವಾಗ ನೀನು ಅದೇ ಕೋಣೇಲಿದ್ದೆ. ಇಸ್ತ್ರಿ ಹಾಕ್ತಿದ್ದೆ. ನಾನು ಬೇಕಂತಲೇ ಒಲೆ ಬಾಗಿಲು ತೆಗೆದಿಟ್ಟು ನಿಂತಿದ್ದೆ, ನೀನು ಬೇಡ ಅಂತೀಯೇನೋ ಅಂತ. ನೀನು ತಲೆ ಎತ್ತಿ ನೋಡ್ದೆ. ಆಮೇಲೆ ಇನ್ನೊಂದು ಅಂಗಿ ತಗೊಂಡೆ."

ಇಲ್ಲ ಎನ್ನಬೇಕೆನಿಸಿತು. ಹಾಗೆ ನಡೆದೇ ಇಲ್ಲ ಎಂದು ಕೂಗಬೇಕೆನಿಸಿತು. ಆದರೆ ಇಸ್ತ್ರಿಯ ಹಬೆಯ ವಾಸನೆ, ಕೈಯಲ್ಲಿದ್ದ ಶಾಲೆಯ ಅಂಗಿ, ಮೂವತ್ತೇಳು ವರ್ಷ ಎಲ್ಲಿ ಅಡಗಿದ್ದವೋ, ಒಮ್ಮೆಗೇ ಬಂದು ಎದುರು ನಿಂತವು. ಅವಳು ಅದನ್ನೂ ಬರೆದುಕೊಂಡಳು. ಅಕ್ಷರ ಸೊಟ್ಟಗಾದವು.

"ಅಮ್ಮ? ಇದೀಯಾ?"

ಬಾಯಿ ತೆಗೆದರೆ ನಿಯಮ ಮುರಿಯುತ್ತದೆ. ಗ್ಲೆನಿಸ್ ಪೆನ್ಸಿಲ್ಲಿನ ಹಿಂಬದಿಯಿಂದ ಫೋನಿನ ಮೇಲೆ ಎರಡು ಸಲ ಕುಟ್ಟಿದಳು.

"ಸರಿ" ಎಂದಳು ಕೆರಿನ್. "ಮೂರ್ನೇದು."