ಅವ್ವನ ಮುಖದ ಮೇಲೆ ಅತ್ತಿಯ ಪೆನ್ಸಿಲ್

ಟ್ರಂಕಿನ ಮುಚ್ಚಳ ತೆಗೆದ ಕೂಡಲೇ ಹುಳಿ ವಾಸನೆ ಮೂಗಿಗೆ ಬಡಿಯಿತು. ಉಪ್ಪಿನಕಾಯಿ ಭರಣಿ ಕೆಟ್ಟಿತೇನು ನೋಡು ಅಂತ ಅಡುಗೆಮನೆಯಿಂದ ಮಗಳು ಕೇಳಿದಳು. ಉಪ್ಪಿನಕಾಯಿ ನೆಟ್ಟಗಿತ್ತು, ಕೆಟ್ಟಿದ್ದು ನಮ್ಮಪ್ಪನ ಸ್ಟುಡಿಯೋ. ಹಳೆಯ ಫಿಲ್ಮು ಕೊಳೆಯತೊಡಗಿದರೆ ಹೀಗೆ ಸಿರ್ಕಾದ, ಅಂದರೆ ವಿನೆಗರಿನ ವಾಸನೆ ಹೊಡೆಯುತ್ತದೆ, ಆಮೇಲೆ ಅದನ್ನು ತಡೆಯುವುದು ಯಾರ ಕೈಯಲ್ಲೂ ಇಲ್ಲ. ಮನೆ ಬದಲಿಸಿದಾಗಲೆಲ್ಲ ಈ ಟ್ರಂಕನ್ನು ಹೊತ್ತುಕೊಂಡು ಬಂದಿದ್ದೇನೆ. ಸುಲ್ತಾನ್ ಬಜಾರಿನ ಗಲ್ಲಿಯಿಂದ ಗಂಡನ ಕಾರ್ಖಾನೆಯ ಕ್ವಾರ್ಟರ್ಸಿಗೆ, ಅಲ್ಲಿಂದ ಬಾಡಿಗೆ ಮನೆಗಳಿಗೆ, ಕೊನೆಗೆ ಮಣಿಕೊಂಡದ ಈ ಫ್ಲಾಟಿಗೆ. ಪ್ರತಿ ಸಲವೂ, ಪುರಸೊತ್ತಾದಾಗ ತೆಗೆದು ನೋಡಿದರಾಯಿತು ಅಂದುಕೊಂಡು ಮಂಚದ ಕೆಳಗೆ ತಳ್ಳಿದ್ದೆ. ಪುರಸೊತ್ತು ಸಿಕ್ಕಾಗ ಕೈಕಾಲಲ್ಲಿ ತ್ರಾಣ ಉಳಿದಿಲ್ಲ. ನಿಮ್ಮ ಮನೆಯಲ್ಲೂ ಇಂಥದೊಂದು ಟ್ರಂಕು ಇದ್ದೀತು, ನಿಮಗೆ ಹೆಚ್ಚು ಹೇಳುವುದು ಬೇಕಿಲ್ಲ.

ನಮ್ಮ ಸ್ಟುಡಿಯೋ ಕೆಳಗೆ, ಮನೆ ಮೇಲೆ. ಬೀದರ್ ಕಡೆಯಿಂದ ಬಂದ ಅಪ್ಪ ಬಜಾರಿನ ಗದ್ದಲದ ನಡುವೆ ಅದು ಹೇಗೋ ಆ ಜಾಗ ಹಿಡಿದಿದ್ದ. ಕತ್ತಲೆ ಕೋಣೆಯ ಔಷಧಿ ನೀರಿನ ಘಾಟು ಮೆಟ್ಟಿಲು ಹತ್ತಿ ಬಂದು ನಮ್ಮ ಸಾರಿನ ಒಗ್ಗರಣೆಯ ಜೊತೆ ಬೆರೆಯುತ್ತಿತ್ತು. ಹಿತ್ತಲಿನ ತಂತಿಯ ಮೇಲೆ ಅವ್ವನ ಕುಪ್ಪಸ, ನನ್ನ ಲಂಗ, ಅವುಗಳ ಪಕ್ಕದಲ್ಲೇ ಯಾರದೋ ಮದುವೆಯ ಗಂಡು-ಹೆಣ್ಣು ಚಿಮಟಿಗೆ ಸಿಕ್ಕಿ ಒಣಗುತ್ತಿದ್ದರು. ಉತ್ತರದ ಕಿಟಕಿ ಮಾತ್ರ ಅತ್ತಿಯದು. ಅತ್ತಿ ಅಂದರೆ ಅಪ್ಪನ ತಂಗಿ ಶಾಂತಾ. ಎಳೆ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ಅಣ್ಣನ ಮನೆಗೆ ಬಂದವಳು. ಬೇರೆ ಮನೆಗಳಲ್ಲಾಗಿದ್ದರೆ ಹಪ್ಪಳ ಲಟ್ಟಿಸಿಕೊಂಡು ಆಯುಷ್ಯ ಕಳೆಯಬೇಕಿತ್ತು. ಅಪ್ಪ ಅವಳ ಕೈಗೆ ಪೆನ್ಸಿಲ್ ಕೊಟ್ಟು ನೆಗೆಟಿವ್ ತಿದ್ದುವ ಕೆಲಸ ಕಲಿಸಿದ. ಅವಳು ಮುಂಜಾನೆ ಬೆಳಕು ಬಂದದ್ದೇ ಓರೆ ಮೇಜಿನ ಮುಂದೆ ಕೂತರೆ ಊಟಕ್ಕೆ ಎರಡೆರಡು ಸಲ ಕರೆಯಬೇಕಾಗುತ್ತಿತ್ತು.

ಆ ಕೆಲಸವೇ ಒಂದು ವಿಚಿತ್ರ. ನೆಗೆಟಿವ್‌ನಲ್ಲಿ ಎಲ್ಲವೂ ತಿರುಗುಮುರುಗು, ಬಿಳಿ ಕೂದಲು, ಕರಿ ಹಲ್ಲು. ಮುಖದ ಮೇಲಿನ ಮೊಡವೆ, ಕಲೆ, ತಗ್ಗು ಅಲ್ಲಿ ತಿಳಿಯಾದ ಚುಕ್ಕೆಯಾಗಿ ಕಾಣುತ್ತದೆ. ಸೂಜಿಯಷ್ಟು ಚೂಪು ಮಾಡಿದ ಪೆನ್ಸಿಲಿನಿಂದ ಆ ಚುಕ್ಕೆಯನ್ನು ಪುಟ್ಟ ಪುಟ್ಟ ಗೀರುಗಳಲ್ಲಿ ತುಂಬಿಬಿಟ್ಟರೆ, ಕಾಗದದ ಮೇಲೆ ಅಚ್ಚಾದಾಗ ಕಲೆ ಮಾಯ. ಸೀರೆ ಕೊಳ್ಳಲು ಬಜಾರಿಗೆ ಬಂದ ತಾಯಂದಿರು ಚೀಲಗಳ ಸಮೇತ ಒಳಗೆ ಬಂದು, ಹುಡುಗಿಯದು ವರನ ಕಡೆಯವರಿಗೆ ಕಳಿಸುವ ಫೋಟೋ, ಸ್ವಲ್ಪ ನೋಡಿಕೊಳ್ಳಿ ಅಂತ ದನಿ ತಗ್ಗಿಸಿ ಹೇಳುತ್ತಿದ್ದರು. ಅತ್ತಿ ನೋಡಿಕೊಳ್ಳುತ್ತಿದ್ದಳು. ನಮ್ಮ ಸ್ಟುಡಿಯೋದಿಂದ ಹೊರಬಿದ್ದ ಮುಖಗಳೆಲ್ಲ ಬೆಣ್ಣೆ ಸವರಿದಂತೆ ನುಣುಪು. ಊರ ತುಂಬ ಅಷ್ಟು ಚಂದದ ಮಂದಿ ಇದ್ದರೇ ಅಂತ ಈಗ ನಗು ಬರುತ್ತದೆ.

ಅವ್ವನ ಮುಖದ ತುಂಬ ಸಿಡುಬಿನ ಕಲೆಗಳಿದ್ದವು. ಮದುವೆಗೆ ಮೊದಲು ತವರಿನಲ್ಲಿ ಬಂದು ಹೋದದ್ದಂತೆ. ನನಗೆ ಅವು ಕಲೆಗಳೆಂದು ಗೊತ್ತೇ ಇರಲಿಲ್ಲ, ಅವ್ವಂದಿರ ಕೆನ್ನೆ ಇರುವುದೇ ಹಾಗೆ ಅಂದುಕೊಂಡಿದ್ದೆ. ಮಧ್ಯಾಹ್ನ ಅವಳ ಪಕ್ಕ ಮಲಗಿ ಆ ತಗ್ಗುಗಳಲ್ಲಿ ಬೆರಳಾಡಿಸುತ್ತ ನಿದ್ದೆ ಹೋಗುವುದು ನನ್ನ ರೂಢಿ. ಅವಳು ಮಾತ್ರ ಕ್ಯಾಮೆರಾ ಕಂಡರೆ ಸೆರಗು ಎಳೆದುಕೊಂಡು ಒಳಗೆ ಹೋಗುತ್ತಿದ್ದಳು. ಫೋಟೋದವನ ಹೆಂಡತಿಯಾಗಿಯೂ ಒಂದೂ ಫೋಟೋ ಇಲ್ಲದವಳು. ಒಂದು ದಸರೆಗೆ ಅತ್ತಿಯೇ ಹಟ ಹಿಡಿದಳು. ಅವ್ವನಿಗೆ ಇಳಕಲ್ ಸೀರೆ ಉಡಿಸಿ, ಕೈ ಹಿಡಿದು ಮೆಟ್ಟಿಲು ಇಳಿಸಿ, ದೀಪಗಳ ಮುಂದೆ ಕೂಡಿಸಿ, "ಮಾರಿ ಎತ್ರಿ ವೈನಿ, ನಾ ಅದೀನಲ್ಲ" ಅಂದಳು. ಆಮೇಲೆ ಗಿರಾಕಿಗಳ ಕೆಲಸವನ್ನೆಲ್ಲ ಬದಿಗಿಟ್ಟು ಆ ಒಂದು ನೆಗೆಟಿವ್ ಹಿಡಿದು ಕೂತಳು. ಗಿರಾಕಿಗಳು ಬೈದರು, ಅಪ್ಪ ಗೊಣಗಿದ, ಅವಳು ತಲೆ ಎತ್ತಲಿಲ್ಲ. ಕೊನೆಗೆ ಅಚ್ಚಾದ ಫೋಟೋ ಕೈಗೆ ಬಂದಾಗ ಅವ್ವ ಬಹಳ ಹೊತ್ತು ನೋಡಿ, "ಯಾರಿಕಿ, ಭಾಳ ಚಂದ ಅದಾಳ" ಅಂದಳು. ನಗುತ್ತಲೇ ಅಂದಳು, ಆದರೆ ಕಣ್ಣು ಒರೆಸಿಕೊಂಡದ್ದನ್ನು ನಾನು ಕಂಡೆ. ಆ ಫೋಟೋವನ್ನು ಸೀರೆಗಳ ನಡುವೆ ಇಟ್ಟುಕೊಂಡು ಒಬ್ಬಳೇ ಇದ್ದಾಗ ತೆಗೆದು ನೋಡುತ್ತಿದ್ದಳು.

ನಾನು ಐದನೆಯ ಇಯತ್ತೆಯಲ್ಲಿದ್ದಾಗ ಅವ್ವ ಕಾಮಾಲೆಯಾಗಿ ಹೋದಳು. ಗೋಡೆಗೆ ಹಾಕಲು ಇದ್ದದ್ದು ಅದೊಂದೇ ಫೋಟೋ. ಅಪ್ಪ ಅದನ್ನೇ ದೊಡ್ಡದು ಮಾಡಿ, ಚೌಕಟ್ಟು ಕಟ್ಟಿಸಿ, ಹಾರ ಹಾಕಿದ. ಎಲ್ಲರೂ ಕೈ ಮುಗಿದರು. ನಾನು ಮುಗಿಯಲಿಲ್ಲ, ಇಕಿ ನಮ್ಮವ್ವ ಅಲ್ಲ ಅಂತ ಅಳತೊಡಗಿದೆ. ಕೆನ್ನೆ ಅವಳದಲ್ಲ, ಹಣೆ ಅವಳದಲ್ಲ. ಬಂದವರೆಲ್ಲ ಹುಡುಗಿಗೆ ದುಃಖ ತಲೆಗೇರಿದೆ ಅಂದರು. ಅತ್ತಿ ಒಬ್ಬಳಿಗೆ ನಾನು ಹೇಳಿದ್ದು ಅರ್ಥವಾಗಿತ್ತು. ನನ್ನನ್ನು ಕಿಟಕಿಯ ಹತ್ತಿರ ಕರೆದುಕೊಂಡು ಹೋಗಿ, ನೆಗೆಟಿವನ್ನು ಬೆಳಕಿಗೆ ಹಿಡಿದು, "ನಾ ಅಳಸಿಲ್ಲವ್ವಾ, ಮ್ಯಾಲ ಮುಚ್ಚೀನಿ ಅಷ್ಟ. ನಿಮ್ಮವ್ವ ಒಳಗ ಹಂಗ ಅದಾಳ. ದೊಡ್ಡಾಕಿ ಆದ ಮ್ಯಾಲ ನಿನಗ ಬೇಕನಸಿದ್ರ ಒರಸಿ ನೋಡ್ಕೊ" ಅಂದಳು. ಪೆನ್ಸಿಲಿನ ಗೀರು ಎಣ್ಣೆ ಹಚ್ಚಿದ ಹತ್ತಿಯಿಂದ ಒರೆಸಿದರೆ ಹೋಗುತ್ತದೆಂದು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ.

ಬಣ್ಣದ ಫೋಟೋ ಬಂತು, ನೆಗೆಟಿವ್ ತಿದ್ದುವವರು ಯಾರಿಗೂ ಬೇಡವಾದರು. ಅತ್ತಿ ಕಣ್ಣು ಮಂಜಾಗಿ, ಕೆಲಸವಿಲ್ಲದೆ, ಅದೇ ಕಿಟಕಿಯಲ್ಲಿ ಕೂತು ಬಜಾರು ನೋಡುತ್ತ ಸವೆದಳು. ಅಪ್ಪನೂ ಹೋದ. ಗೋಡೆಯ ಫೋಟೋವನ್ನು ಗೆದ್ದಲು ತಿಂದಿತು, ಸೀರೆಗಳ ನಡುವಿನದು ಸೀರೆಗಳ ಜೊತೆಗೇ ಎಲ್ಲಿಯೋ ಹೋಯಿತು. ಸ್ಟುಡಿಯೋ ಇದ್ದಲ್ಲಿ ಈಗ ರೆಡಿಮೇಡ್ ಬಟ್ಟೆಗಳು ನೇತಾಡುತ್ತವೆ. ಇಷ್ಟೆಲ್ಲ ಆದದ್ದು ಒಮ್ಮೆಗೇ ಅಲ್ಲ, ಹಾಗಾಗಿ ಒಮ್ಮೆ ಕೂತು ಅಳುವುದಕ್ಕೂ ಆಗಲಿಲ್ಲ. ಟ್ರಂಕಿನಲ್ಲಿ ಊರವರ ಮುಖಗಳೆಲ್ಲ ಒಂದಕ್ಕೊಂದು ಅಂಟಿ, ಸುಟ್ಟ ಹಪ್ಪಳದಂತೆ ಮುರುಟಿದ್ದವು. ಅವರನ್ನು ಏನು ಮಾಡುವುದೆಂದು ಇನ್ನೂ ತಿಳಿದಿಲ್ಲ. ಅವ್ವನ ನೆಗೆಟಿವ್ ಮಾತ್ರ ಬೇರೆ ಲಕೋಟೆಯಲ್ಲಿತ್ತು. ಅಂಚು ಸುರುಳಿ ಸುತ್ತಿದ್ದರೂ ಮುಖ ಉಳಿದಿತ್ತು. ಕಣ್ಣು ಮುಚ್ಚಿದರೆ ಅವಳ ಕೆನ್ನೆ ನೆನಪಾಗುವುದು ನಿಂತು ಬಹಳ ಕಾಲವಾಗಿದೆ. ನೆನಪಾಗುವುದು ಗೋಡೆಯ ಮೇಲಿದ್ದ ಆ ನುಣುಪು ಹೆಂಗಸು. ಒಂದು ಸಲ, ಒಂದೇ ಸಲ, ನಮ್ಮವ್ವನನ್ನು ಇದ್ದ ಹಾಗೆ ನೋಡಬೇಕು ಅನ್ನಿಸಿತು.

ನಾಂಪಲ್ಲಿಯಲ್ಲಿ ಹಳೆಯ ಫಿಲ್ಮುಗಳನ್ನು ಕಂಪ್ಯೂಟರಿಗೆ ಇಳಿಸಿಕೊಡುವವರೊಬ್ಬರಿದ್ದಾರೆ, ನಡುವಯಸ್ಸಿನವರು, ತೆಲುಗಿನವರು. ಮೇಲಿನ ಪೆನ್ಸಿಲ್ ಗೀರುಗಳನ್ನು ಒರೆಸಿಕೊಡಿ ಅಂತ ಕೇಳಿದೆ. ಅವರು ನೆಗೆಟಿವನ್ನು ಬೆಳಕಿನ ಡಬ್ಬಿಯ ಮೇಲಿಟ್ಟು ನೋಡಿ, ಮೇಲಿನ ಪೊರೆ ಆಗಲೇ ಎದ್ದಿದೆಯಮ್ಮಾ, ಹತ್ತಿ ಸೋಕಿದರೆ ಪೆನ್ಸಿಲಿನ ಜೊತೆ ಮುಖವೂ ಎದ್ದು ಬರಬಹುದು ಅಂದರು. ಒರೆಸಿದರೆ ಅತ್ತಿಯ ಕೆಲಸವಂತೂ ಹೋಗುತ್ತಿತ್ತು, ಅವ್ವ ಸಿಗುವ ಖಾತ್ರಿಯಿಲ್ಲ. ಅವ್ವ ಆಸೆಪಟ್ಟ ಮುಖವನ್ನು ನನ್ನ ಆಸೆಗಾಗಿ ಅಳಿಸುವುದು ಸರಿಯೇ ಅಂತಲೂ ಕಾಡಿತು. ಮೊದಲು ಇದ್ದ ಹಾಗೇ ಇಳಿಸಿಕೊಳ್ಳೋಣ, ಆಮೇಲೆ ನೀವು ಹೇಳಿದಂತೆ ಅಂದರು ಅವರು.

ಪರದೆಯ ಮೇಲೆ ಅವ್ವ ಬಂದಳು, ಅದೇ ಬೆಣ್ಣೆಯಂಥ ಮುಖ. ಅಂಚು ಸರಿಯಾಗಿದೆಯೇ ನೋಡಲೆಂದು ಅವರು ಅದನ್ನು ಹಿಗ್ಗಿಸುತ್ತ ಹೋದರು. ಕೆನ್ನೆ ಪರದೆ ತುಂಬಿತು. ಆಗ ಕಂಡವು ಗೀರುಗಳು. ಎಳ್ಳಿನಷ್ಟು ಸಣ್ಣ ಗೀರುಗಳ ಗುಂಪು, ಒಂದು ಗುಂಪು ಇಲ್ಲಿ, ಒಂದು ಅಲ್ಲಿ, ಕಣ್ಣಿನ ಕೆಳಗೆ ಮೂರು ಒತ್ತೊತ್ತಾಗಿ, ಗಲ್ಲದ ಹತ್ತಿರ ಉದ್ದನೆಯದೊಂದು. ಕಲೆಯಿಲ್ಲದ ಕಡೆ ಅತ್ತಿ ಒಂದು ಗೀರನ್ನೂ ಎಳೆದಿರಲಿಲ್ಲ. ಗೀರಿದ್ದಲ್ಲೆಲ್ಲ ಕಲೆಯಿತ್ತು. ಕಣ್ಣಿನ ಕೆಳಗಿನ ಆ ಮೂರನ್ನು ನನ್ನ ಬೆರಳು ನನಗಿಂತ ಮೊದಲು ಗುರುತಿಸಿತು.

ಅಂಗಡಿಯವರಿಗೆ ಇದು ಹೇಗೆ ಗೊತ್ತಾಗಬೇಕು? ಈ ಗೀರುಗಳು ಕೆಟ್ಟದಾಗಿ ಕಾಣುತ್ತವೆ, ಹತ್ತಿ ಮುಟ್ಟಿಸದೆ ಕಂಪ್ಯೂಟರಿನಲ್ಲೇ ತೆಗೆದು ನುಣುಪು ಮಾಡಿಕೊಡಲೇ ಅಂತ ಕೇಳಿದರು. ಒಂದನ್ನೂ ಮುಟ್ಟಬೇಡಿ ಅಂದೆ. ದನಿ ಸ್ವಲ್ಪ ಗಟ್ಟಿಯಾಯಿತೇನೋ, ಅವರು ಮೌಸಿನ ಮೇಲಿಂದ ಕೈ ತೆಗೆದರು. ಒರೆಸುವುದೂ ಬೇಡ, ಕೆನ್ನೆ ಇಷ್ಟೇ ದೊಡ್ಡದಾಗಿ, ಗೀರುಗಳ ಸಮೇತ ಅಚ್ಚು ಹಾಕಿಕೊಡಿ ಅಂದೆ. ತನ್ನ ಮುಖವನ್ನು ಅವ್ವ ಕನ್ನಡಿಯಲ್ಲಿ ನೋಡಿಕೊಳ್ಳುತ್ತಿರಲಿಲ್ಲ, ಅಪ್ಪನಿಗೆ ಕೆಲಸದ ನಡುವೆ ನೋಡಲು ಪುರಸೊತ್ತಿರಲಿಲ್ಲ, ನಾನು ಕಣ್ಣು ಮುಚ್ಚಿಕೊಂಡು ಬೆರಳಾಡಿಸಿದವಳು. ಒಂದೊಂದು ಕಲೆಯನ್ನೂ ಕಣ್ಣಿಟ್ಟು ನೋಡಿದವಳು ಅತ್ತಿ ಒಬ್ಬಳೇ, ಅದೂ ಮುಚ್ಚಿಬಿಡುವುದಕ್ಕಾಗಿ.