ಮೂರನೇ ಕಾಫಿಗೂ ಏಳದ ಜುಮ್ರೆತಾ

ನಮ್ಮ ಬೋಸ್ನಿಯಾದ ಮನೆಗಳಲ್ಲಿ ಬಂದವರಿಗೆ ಮೂರು ಕಾಫಿ. ಮೊದಲನೆಯದು ಬಂದದ್ದಕ್ಕೆ, ಎರಡನೆಯದು ಮಾತಿಗೆ, ಮೂರನೆಯದು ಎದ್ದು ಹೋಗಲಿಕ್ಕೆ. ಅದನ್ನು ಕುಡಿದ ಮೇಲೂ ಕೂತವರಿಗೆ ಮರ್ಯಾದೆ ಗೊತ್ತಿಲ್ಲ ಎಂದು ಊರೇ ಆಡಿಕೊಳ್ಳುತ್ತದೆ. ಬಾಣಂತಿ, ಮಕ್ಕಳನ್ನು ನೋಡಲು ಮನೆಮನೆಗೆ ಹೋಗುವ ನರ್ಸ್ ಜುಮ್ರೆತಾ ಇಪ್ಪತ್ತೊಂಬತ್ತು ವರ್ಷ ಈ ಪದ್ಧತಿ ಮೀರಿರಲಿಲ್ಲ.

ನಾನು ಆರೋಗ್ಯ ಕೇಂದ್ರದಲ್ಲಿ ಚೀಟಿ ಬರೆಯುವ ಕಿಟಕಿಯವಳು. ಲಸಿಕೆಯ ಬಗ್ಗೆ ಊರಿನ ವಾದವೆಲ್ಲ ಮೊದಲು ನನ್ನ ಕಿವಿಗೇ ಬೀಳುತ್ತದೆ. ದಡಾರದ ಚುಚ್ಚುಮದ್ದಿನಿಂದ ಮಗುವಿನ ಮಾತು ನಿಂತುಹೋಗುತ್ತದೆ, ಹಾಗಾಗಿ ಮಾತು ಬರುವವರೆಗೆ ಕಾಯಬೇಕು ಎನ್ನುವುದು ನಮ್ಮ ತಾಯಂದಿರ ನಂಬಿಕೆ. ಎಷ್ಟೋ ದೇಶಗಳಲ್ಲಿ ಲಕ್ಷಗಟ್ಟಲೆ ಮಕ್ಕಳನ್ನು ಗಮನಿಸಿ, ಅಂಥ ಸಂಬಂಧವೇ ಇಲ್ಲವೆಂದು ಹೇಳಿಯಾಗಿದೆ. ಮಾತು ತಡವಾಗಿದೆ ಎಂದು ಗೊತ್ತಾಗುವ ವಯಸ್ಸೂ ಚುಚ್ಚಿಸುವ ವಯಸ್ಸೂ ಹೆಚ್ಚುಕಡಿಮೆ ಒಂದೇ, ಅಷ್ಟೇ. ಜುಮ್ರೆತಾ ಇದನ್ನು ಬೇಸರವಿಲ್ಲದೆ ಹೇಳುತ್ತಿದ್ದಳು. ಜ್ವರ ಬರಬಹುದು, ಅಪರೂಪಕ್ಕೆ ಆ ಜ್ವರದಲ್ಲಿ ಫಿಟ್ಸ್ ಕೂಡ ಬರಬಹುದು ಎನ್ನುವುದನ್ನೂ ಮುಚ್ಚಿಡುತ್ತಿರಲಿಲ್ಲ. ನನಗೆ ಆ ತಾಳ್ಮೆ ಇಲ್ಲ. ಕಿಟಕಿ ಮುಚ್ಚಿಬಿಡೋಣ ಅನ್ನಿಸುತ್ತದೆ.

ಈ ವಸಂತದಲ್ಲಿ ಊರಿಗೆ ದಡಾರ ಕಾಲಿಟ್ಟಿತು. ಆಗಲೂ ಮೂವರು ತಾಯಂದಿರು ಒಂದೇ ಮಾತು ಹೇಳಿದರು: ಕಾಯಬಹುದು ಅಂತ ಜುಮ್ರೆತಾನೇ ಹೇಳಿದ್ದಾರಂತೆ. ನಾನು ನಕ್ಕೆ. ಆಮೇಲೆ ಬಾಕಿ ಇರುವ ಮಕ್ಕಳ ಕಾರ್ಡುಗಳನ್ನು ತೆಗೆದಾಗ ನಗು ಹಾರಿಹೋಯಿತು. ಅದರಲ್ಲಿ ಜುಮ್ರೆತಾಳ ಮೊಮ್ಮಗಳು ನೂರಾಳ ಕಾರ್ಡೂ ಇತ್ತು. ಮಗುವಿಗೆ ಒಂದು ವರ್ಷ ಎಂಟು ತಿಂಗಳು. ದಡಾರದ ಸಾಲು ಖಾಲಿ.

ಕಾರ್ಡು ನೋಡಿದ ಜುಮ್ರೆತಾ, ಸೊಸೆ ಹಾಕಿಸಿದ್ದಾಳೆಂದೇ ನಂಬಿದ್ದೆ ಎಂದಳು. ಆಮೇಲೆ ಹಳೆಯದನ್ನು ತಾನೇ ಬಿಚ್ಚಿಟ್ಟಳು. ಎರಡು ವರ್ಷದ ಹಿಂದೆ ಸೆನಿಯಾ ಎಂಬ ತಾಯಿಯ ಮನೆಯಲ್ಲಿ ವಾದ ಮುಗಿಯುವ ಮೊದಲೇ ಮೂರನೇ ಕಾಫಿ ಬಂದಿತ್ತು. ಮನಸ್ಸು ಕೆಡಿಸಿಕೊಂಡು ಏಳಬಾರದೆಂದು, ಆಯ್ತು, ಮಾತು ಬಂದ ಮೇಲೇ ಹಾಕಿಸು ಎಂದು ಜುಮ್ರೆತಾ ಎದ್ದುಬಂದಿದ್ದಳು. ಆ ಸೆನಿಯಾ ಇವಳ ಸೊಸೆ, ನೂರಾಳ ತಾಯಿ ಬೆಲ್ಮಾಳ ಗೆಳತಿ. ಮಾತು ಅಲ್ಲಿಂದಲೇ ಹರಡಿತ್ತು.

ಅಂದೇ ಮಧ್ಯಾಹ್ನ ನನ್ನನ್ನೂ ಎಳೆದುಕೊಂಡು ಮಗನ ಮನೆಗೆ ಹೊರಟಳು. ಬೆಲ್ಮಾ ಎರಡು ಕಾಫಿ ನಗುನಗುತ್ತ ಕೊಟ್ಟಳು. ಲಸಿಕೆಯ ವಿಷಯ ಎತ್ತಿದ್ದೇ ತಡ, ಮೂರನೆಯದು ಬಂತು. ಜುಮ್ರೆತಾ ಅದನ್ನು ಕುಡಿದು ಖಾಲಿ ಬಟ್ಟಲನ್ನು ಮತ್ತೆ ಮುಂದಕ್ಕೆ ಚಾಚಿದಳು. ನಾಚಿಕೆಯಿಂದ ನಾನು ತಲೆ ತಗ್ಗಿಸಿದೆ.

"ಅತ್ತೆ, ಕಾದು ನೋಡು ಅಂತ ಸೆನಿಯಾಗೆ ಹೇಳಿದ್ದು ನೀವೇ ಅಲ್ವಾ?" ಎಂದಳು ಬೆಲ್ಮಾ.

"ಹೌದಮ್ಮ, ನಾನೇ. ತಪ್ಪು ಹೇಳ್ದೆ. ಕಾಫಿ ಮುಗೀತು ಅಂತ ಅವಳಿಗೆ ಬೇಕಾದ್ದನ್ನ ಹೇಳಿ ಎದ್ದುಬಂದೆ. ಇವತ್ತು ಏಳಲ್ಲ."

"ಚುಚ್ಚಿಸಿದ ಮೇಲೆ ಏನಾದ್ರೂ ಆದ್ರೆ?"

"ಜ್ವರ ಬರಬಹುದು. ಬಂದ್ರೆ ಏಳನೇ ದಿನದಿಂದ ಹನ್ನೆರಡನೇ ದಿನದ ಒಳಗೆ. ಒಂದೆರಡು ದಿನ ಇದ್ದು ಹೋಗುತ್ತೆ. ಮಾತು ಮಾತ್ರ ಹೋಗಲ್ಲ. ಅದೇ ದಡಾರ ಬಂದು ಮಿದುಳಿಗೆ ಏರಿದ್ರೆ, ನನ್ನ ಹತ್ರ ಹೇಳೋಕೆ ಏನೂ ಇರಲ್ಲ."

ಬೆಲ್ಮಾ ಅತ್ತೆಯ ಕೈಯಿಂದ ಬಟ್ಟಲು ತೆಗೆದುಕೊಂಡಳು. ಆಮೇಲೆ ನಾಲ್ಕನೇ ಕಾಫಿಗೆ ನೀರಿಟ್ಟಳು. ನನ್ನ ಜನ್ಮದಲ್ಲಿ ಅಂಥದ್ದನ್ನು ನೋಡಿರಲಿಲ್ಲ.

ಮರುದಿನ ಬೆಳಿಗ್ಗೆ ನೂರಾಳಿಗೆ ಚೀಟಿ ಬರೆದವಳು ನಾನೇ. ಚುಚ್ಚಿದಾಗ ಮಗು ಕೇಂದ್ರದ ಸೂರೇ ಕಿತ್ತುಹೋಗುವಂತೆ ಅತ್ತಿತು. ಒಂಬತ್ತನೇ ದಿನ ನಾನೂ ಜುಮ್ರೆತಾಳೂ ಊಟಕ್ಕೆ ಕೂತಿದ್ದಾಗ ಬೆಲ್ಮಾಳ ಫೋನು ಬಂತು.

"ಅತ್ತೆ, ನೀವು ಹೇಳಿದ ಜ್ವರ ಬಂತು. ಹೆದರಿಕೊಂಡಿಲ್ಲ, ಸುಮ್ನೆ ತಿಳಿಸೋಣ ಅಂತ ಮಾಡ್ದೆ."

ಅಷ್ಟರಲ್ಲಿ ಜುಮ್ರೆತಾ ಸೆನಿಯಾಳ ಮನೆಗೂ ಹೋಗಿ, ತಪ್ಪೊಪ್ಪಿಕೊಂಡು, ನಾಲ್ಕು ಕಾಫಿ ಕುಡಿದು ಬಂದಿದ್ದಳು. ಮುಂದಿನ ವಾರ ಸೆನಿಯಾ ಮಗನೊಡನೆ ಕಿಟಕಿಗೆ ಬಂದಳು. ಮೂರೂವರೆ ವರ್ಷದ ಅವನ ಬಾಯಿಗೆ ಬಿಡುವೇ ಇಲ್ಲ. ಚುಚ್ಚುಮದ್ದು ಮಾತ್ರ ಇನ್ನೂ ಆಗಿರಲಿಲ್ಲ. ಅವಳು ಕೇಳಿದ್ದು ಒಂದೇ: ಜ್ವರ ಯಾವ ದಿನ ಬರಬಹುದು ಎಂದು ಕಾರ್ಡಿನ ಮೇಲೆ ಬರೆದುಕೊಡುತ್ತೀರಾ? ಬರೆದುಕೊಟ್ಟೆ. ಅಂದಿನಿಂದ ಎಲ್ಲರ ಕಾರ್ಡಿನ ಮೇಲೂ ಬರೆಯುತ್ತಿದ್ದೇನೆ.