ನಾಲ್ಕು ದಿನ ತಿಕ್ಕಿದ ಎಣ್ಣೆ

ಇವತ್ತು ಬೆಳಿಗ್ಗೆ ಕಲ್ಯಾಣದಿಂದ ಹೊರಟ ಮುಂಬೈಯ ಲೋಕಲ್ ರೈಲಿನಲ್ಲಿ ನನಗೆ ನಾಲ್ಕನೆಯ ಸೀಟು ಸಿಕ್ಕಿತು. ಮೂವರು ಕೂರುವ ಬೆಂಚಿನ ತುದಿಯಲ್ಲಿ ಅರ್ಧ ಮೈ ಊರಿ ಕೂತವರಿಗೆ ಗೊತ್ತು, ಥಾಣೆ ಬರುವಷ್ಟರಲ್ಲಿ ಕಾಲು ಜೋಮು ಹಿಡಿದು ನಮ್ಮದಾಗಿ ಉಳಿದಿರುವುದಿಲ್ಲ. ಬೇರೆಯವರಾದರೆ ಕಾಲು ಕೊಡವಿ ಸುಮ್ಮನಾಗುತ್ತಾರೆ. ನಾನು ಗಾಬರಿಬಿದ್ದು ಥಾಣೆಯಲ್ಲೇ ಇಳಿದು ನನ್ನ ಹೆಂಡತಿಯ ತಮ್ಮ ಸುಧಾಕರನಿಗೆ ಫೋನ್ ಮಾಡಿದೆ. ಅವನಿಗೇ ಏಕೆ ಎನ್ನುತ್ತೀರಾ? ಕೇಳಿ.

ಸುಧಾಕರ ಡೊಂಬಿವಲಿಯ ಹೋಟೆಲೊಂದರಲ್ಲಿ ದೋಸೆ ಹಾಕುವವನು. ಎರಡೂ ಡೋಸ್ ಲಸಿಕೆ ಮುಗಿಸಿದವರಿಗಷ್ಟೇ ಲೋಕಲ್ ಪಾಸ್ ಎಂದಿದ್ದ ಕೊರೊನಾದ ಆ ದಿನಗಳಲ್ಲಿ, ಸೂಜಿಗೆ ಹೆದರುವ ಅವನನ್ನು ಎಳೆದೊಯ್ದು ಸಾಲಿನಲ್ಲಿ ನಿಲ್ಲಿಸಿದ್ದು ನಾನು. ನನ್ನ ಉತ್ಸಾಹ ನೋಡಿ ಬಿಲ್ಡಿಂಗಿನವರು ನನಗೆ ಕಂಪೌಂಡರ್ ಎಂದು ಹೆಸರಿಟ್ಟಿದ್ದರು. ನನಗೂ ಅದು ಹಿತವಾಗಿಯೇ ಇತ್ತು.

ಎರಡು ವಾರ ಕಳೆದು ಅವನು, "ಭಾವ, ಪಾದ ಜುಂ ಜುಂ ಅಂತ ಉಂಟು" ಎಂದ. ತವಾದ ಮುಂದೆ ದಿನವಿಡೀ ನಿಲ್ಲುವವರ ಕಾಲು ಜುಮ್ಮೆನ್ನುವುದು ಹೋಟೆಲಿನಲ್ಲಿ ಒಂದು ಸುದ್ದಿಯೇ ಅಲ್ಲ. ಮದ್ದೂ ಅಡುಗೆಮನೆಯದೇ: ತೆಂಗಿನೆಣ್ಣೆ ಬಿಸಿಮಾಡಿ, ಕರ್ಪೂರ ಕರಗಿಸಿ ತಿಕ್ಕುವುದು. ಕಂಪೌಂಡರ್ ಸಾಹೇಬರು ನಾಲ್ಕು ದಿನ ತಿಕ್ಕಿದರು. "ಮೊಣಕಾಲಿಗೂ ಬಂತು ಭಾವ, ಇದು ಯಾವಾಗ್ಲಿನ ಹಾಗೆ ಅಲ್ಲ" ಎಂದಾಗ ಎಣ್ಣೆಯನ್ನು ಮೊಣಕಾಲಿಗೂ ಏರಿಸಿದರು, ಅಷ್ಟೆ!

ಐದನೆಯ ದಿನ ಸ್ಟೇಷನ್ ಸೇತುವೆಯ ಮೆಟ್ಟಿಲಲ್ಲಿ ಅವನು ಕುಸಿದು ಕೂತ, ಏಳಲಾಗಲಿಲ್ಲ. ಆಸ್ಪತ್ರೆಯಲ್ಲಿ ನರರೋಗದ ಡಾಕ್ಟರು ಮಂಡಿಗೆ ಪುಟ್ಟ ಸುತ್ತಿಗೆಯಿಂದ ತಟ್ಟಿದರು, ಕಾಲು ಮಿಸುಕಲಿಲ್ಲ. ರೋಗದ ವಿರುದ್ಧ ಹೋರಾಡಬೇಕಾದ ಶಕ್ತಿ ಅವನ ನರಗಳ ಮೇಲೆಯೇ ತಿರುಗಿಬಿದ್ದಿದೆ ಎಂದರು. ಲಸಿಕೆಯಿಂದಲೇ ಹೀಗಾಯಿತೇ ಎಂದು ಕೇಳಿದೆ. ಕೆಲವು ಲಸಿಕೆಗಳ ನಂತರ ತೀರ ಅಪರೂಪಕ್ಕೆ ಹೀಗಾಗುವುದುಂಟು, ಆದರೆ ಇವನಿಗೆ ಅದೇ ಹೊತ್ತಿನಲ್ಲಿ ಹೊಟ್ಟೆಯೂ ಕೆಟ್ಟಿತ್ತು, ಅಂಥ ಸೋಂಕಿನಿಂದ ಆಗುವುದೇ ಹೆಚ್ಚು, ಇಂಥದ್ದರಿಂದಲೇ ಎಂದು ಹೇಳಲಾಗದು ಎಂದರು. ಉಸಿರಿಗೆ ತಟ್ಟುವ ಮೊದಲು ಬಂದದ್ದೇ ಪುಣ್ಯವಂತೆ.

ಐದು ದಿನ ರಕ್ತನಾಳದ ಮೂಲಕ ಮದ್ದು, ಆಮೇಲೆ ತಿಂಗಳುಗಟ್ಟಲೆ ವ್ಯಾಯಾಮ. ನಿಲ್ಲಲಾಗದವನು ದೋಸೆ ಹಾಕುವುದು ಹೇಗೆ? ನನಗೆ ಅದೊಂದೇ ಚಿಂತೆ. ಅವನು ಗೋಡೆ ಬಿಟ್ಟು ಏಳು ಹೆಜ್ಜೆ ಇಟ್ಟನಲ್ಲ, ಆ ದಿನ ನಾನು ಹಾಕಿದ ಕೇಕೆಗೆ ನರ್ಸ್ ಓಡಿಬಂದು, "ಕಾಕಾ, ಹಳೂ!" ಎಂದು ಮರಾಠಿಯಲ್ಲಿ ಗದರಿದಳು. ಮೆತ್ತಗೆ ಸಂತೋಷಪಡುವುದು ನನಗೆ ಬರುವುದಿಲ್ಲ, ಏನು ಮಾಡಲಿ!

ಆದರೆ ಒಂದು ಮಾತು ಕೇಳಲು ಮಾತ್ರ ಇಷ್ಟು ವರ್ಷ ಧೈರ್ಯ ಬಂದಿರಲಿಲ್ಲ. ಇವತ್ತು ಪ್ಲಾಟ್‌ಫಾರ್ಮಿನಲ್ಲಿ ನಿಂತು ಫೋನಿನಲ್ಲಿ ಕೇಳಿಯೇಬಿಟ್ಟೆ. "ಸುಧಾಕರ, ಲಸಿಕೆಗೆ ಎಳ್ಕೊಂಡು ಹೋದದ್ದಕ್ಕೆ ನನ್ನ ಮೇಲೆ ಸಿಟ್ಟುಂಟಾ?"

"ಅದಕ್ಕೆ ಎಂತ ಸಿಟ್ಟು ಭಾವ? ನಾಲ್ಕು ದಿವಸ ನಾನು ಹೇಳ್ತಾ ಇದ್ದೆ, ನೀವು ಕೇಳ್ಲೇ ಇಲ್ಲ. ಅದಕ್ಕುಂಟು."

"ಈಗ ಹೇಳು."

"ಈಗಲಾ? ನಿಲ್ಲಿ, ತವಾ ಬೇರೆಯವರಿಗೆ ಕೊಟ್ಟು ಬರ್ತೇನೆ."

ಅವನು ಹೇಳತೊಡಗಿದ. ಮೂರು ಲೋಕಲ್ ಬಂದು ಹೋದವು. ನಾನು ಯಾವುದನ್ನೂ ಹತ್ತದೆ ಕೇಳುತ್ತ ನಿಂತೆ.